ವೆಂಕಟಗಿರಿಯವರ ರಸ್ತೆ

ರಸ್ತೆ ಹಾಳಾಗಿರಲಿ ಎಂದು ಪುರುಷೋತ್ತಮ ಬೆಳಗ್ಗೆ ಹಲ್ಲುಜ್ಜುವಾಗಿನಿಂದಲೇ ಹಾರೈಸುತ್ತಿದ್ದ. ಹೆಂಡತಿಯನ್ನೂ ಅತ್ತೆಯನ್ನೂ ಜೀಪಿನಲ್ಲಿ ಕೂರಿಸಿಕೊಂಡು ಕಾಡಿನ ಬೆಟ್ಟ ಹತ್ತಲು ಹೊರಟವನು ಬೇರೆ ಯಾರಾದರೂ ಆಗಿದ್ದರೆ ದಾರಿ ಸುಗಮವಾಗಿರಲಪ್ಪ ಎಂದು ಬೇಡಿಕೊಳ್ಳುತ್ತಿದ್ದ. ಇವನು ದೇವರ ಗೂಡಿನ ಮುಂದೆ ಒದ್ದೆ ಟವೆಲಿನಲ್ಲೇ ನಿಂತು ಬೇಡಿಕೊಂಡದ್ದು ಗುಂಡಿಗಳನ್ನು, ಕೊರಕಲುಗಳನ್ನು, ಸಾಧ್ಯವಾದರೆ ಅಡ್ಡ ಬಿದ್ದ ಒಂದು ಮರವನ್ನು. ತೀರ ದೊಡ್ಡ ಮರವೇ ಆಗಬೇಕೆಂದೇನಿರಲಿಲ್ಲ. ಅತ್ತೆ ಕಣ್ಣಾರೆ ನೋಡಿ, ಅಯ್ಯೋ ರಾಮ, ಇದರಲ್ಲಿ ಯಾರು ಹೋಗ್ತಾರೆ ಎಂದು ಬಾಯಿಬಿಟ್ಟು ಹೇಳುವಷ್ಟಿದ್ದರೆ ಸಾಕು. ಆಮೇಲೆ ಹಿಂದಿರುಗಿ ಮಾಗಡಿಯಲ್ಲಿ ದೋಸೆ ತಿಂದು ಸಂಜೆಯೊಳಗೆ ಬಸವೇಶ್ವರನಗರದ ಮನೆ ಸೇರಬಹುದು. ರಸ್ತೆ ಕೊಚ್ಚಿಹೋಗಿದೆ ಎಂದು ತಾನು ಮಾವನಿಗೆ ಹೇಳಿದ್ದು ಸುಳ್ಳಲ್ಲ ಎಂದು ಆಗ ಎಲ್ಲರಿಗೂ ಗೊತ್ತಾಗುತ್ತದೆ, ತನಗೂ ಗೊತ್ತಾಗುತ್ತದೆ. ಟವೆಲನ್ನು ತಂತಿಗೆ ಹಾಕಿ ಅವನು ಪ್ಯಾಂಟು ತೊಟ್ಟುಕೊಂಡ.

ಮಾವ ವೆಂಕಟಗಿರಿಯವರು ತೀರಿಕೊಂಡು ವರ್ಷ ದಾಟಿತ್ತು. ಮಹಾರಾಜರ ಕಾಲದಲ್ಲಿ ಓವರ್‌ಸಿಯರ್ ಆಗಿದ್ದವರು. ಹರೆಯದಲ್ಲಿ ತೊರೆಗಲ್ಲು ಬೆಟ್ಟದ ಕಾಡಿನಲ್ಲಿ ಡೇರೆ ಹಾಕಿಕೊಂಡಿದ್ದು, ಬಿದಿರು ಸೌದೆ ಇಳಿಸುವ ಗಾಡಿಗಳಿಗೆಂದು ಬುಡದಿಂದ ನೆತ್ತಿಯವರೆಗೆ ಒಂದು ರಸ್ತೆ ಮಾಡಿಸಿದ್ದರು. ಆಮೇಲೆ ಸೇತುವೆ ಕಟ್ಟಿಸಿದರು, ಕೆರೆ ಏರಿ ಕಟ್ಟಿಸಿದರು, ಅವು ಯಾವುವೂ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಅದೊಂದೇ ರಸ್ತೆ. ರಾಜಾಜಿನಗರದ ತಮ್ಮ ಮನೆಯ ಜಗುಲಿಯಲ್ಲಿ ಕೂತು, ಯಾರು ಸಿಕ್ಕಿದರೂ, ಹಾಲಿನವನು ಸಿಕ್ಕಿದರೂ, "ತುಂಬಿದ ಗಾಡಿ ಎಳ್ಕೊಂಡು ಎತ್ತು ಎಲ್ಲೂ ನಿಲ್ಲದೆ ಹತ್ತಬೇಕು, ಹಾಗೆ ಹಾಕಿದೀನಿ ಕಣಯ್ಯಾ ಆ ರಸ್ತೇನ" ಎನ್ನುತ್ತಿದ್ದರು. ಕೇಳಿ ಕೇಳಿ ಮನೆಯವರಿಗೆ ಬೇಜಾರು ಬಂದಿತ್ತು. ಪುರುಷೋತ್ತಮನಂತೂ ಅದನ್ನು ಪೂರ್ತಿ ಬಡಾಯಿಯ ಲೆಕ್ಕಕ್ಕೇ ಸೇರಿಸಿದ್ದ. ಅವನೂ ಬಡಾಯಿ ಕೊಚ್ಚುವವನೇ ಆದ್ದರಿಂದ ಇನ್ನೊಬ್ಬರ ಬಡಾಯಿ ತನಗೆ ಬೇಗ ಗೊತ್ತಾಗುತ್ತದೆ ಎಂದು ನಂಬಿದ್ದ, ಮತ್ತು ಆ ಕಾರಣಕ್ಕೇ ಮಾವನನ್ನು ಒಂದು ಬಗೆಯಲ್ಲಿ ಇಷ್ಟಪಡುತ್ತಲೂ ಇದ್ದ.

ಜೀಪು ಗೇಟಿನಾಚೆ ನಿಂತಿತ್ತು. ಮಿಲಿಟರಿಯವರು ಹರಾಜು ಹಾಕಿದ ಹಳೇ ಗಾಡಿ. ಹಸಿರು ಬಣ್ಣ ಬಳಿಸಿ, ಹೊಸ ಟಾಪು ಹಾಕಿಸಿ, ರಸ್ತೆಯ ಅಷ್ಟೂ ಸ್ಕೂಟರುಗಳ ನಡುವೆ ಅದನ್ನು ನಿಲ್ಲಿಸಿದ ದಿನದಿಂದ ಪುರುಷೋತ್ತಮನ ನಡಿಗೆಯೇ ಬದಲಾಗಿತ್ತು. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಅವನು ಮೇಲ್ವಿಚಾರಕ. ಅಲ್ಲಿ ಅವನ ಮಾತು ನಾಲ್ಕು ಗೋಡೆಯ ಒಳಗೆ ನಡೆಯುತ್ತಿತ್ತು. ಜೀಪು ಬಂದ ಮೇಲೆ ಬೀದಿಯಲ್ಲೂ ನಡೆಯಿತು. ಗೇರು ರಾಡಿನ ಪಕ್ಕದಲ್ಲಿದ್ದ ಚಿಕ್ಕ ಲಿವರನ್ನು ತೋರಿಸಿ, "ಇದನ್ನ ಎಳೆದ್ರೆ ಮುಂದಿನ ಚಕ್ರಕ್ಕೂ ಎಂಜಿನ್ ಪವರ್ ಹೋಗುತ್ತೆ. ಫೋರ್‌ವೀಲ್. ಆಮೇಲೆ ಇದಕ್ಕೆ ರಸ್ತೇನೇ ಬೇಡ" ಎಂದು ಬಾಡಿಗೆಯವರಿಗೆ, ಬಾಡಿಗೆಯವರ ನೆಂಟರಿಗೆ, ಕರೆಂಟ್ ಬಿಲ್ಲಿನವನಿಗೆ ಹೇಳುತ್ತಿದ್ದ. ಮಾವನಿಗೂ ಹೇಳಿದ. ಮಾವ ಬಗ್ಗಿ ಲಿವರನ್ನು ನೋಡಿ, ತೊಟ್ಟಿಲಿನ ಮಗುವನ್ನು ನೋಡುವ ಹಾಗೆ ನೋಡಿ, "ಹಾಗಾದ್ರೆ ನನ್ನ ರಸ್ತೆಗೆ ಹೋಗ್ಬಿಡೋಣಪ್ಪ" ಎಂದರು.

ಆಗ ಹೋಗಿದ್ದರೆ ಮುಗಿದುಹೋಗುತ್ತಿತ್ತು. ಆಗ ಮಳೆಗಾಲ. ಮಳೆ ಮುಗಿಯುವ ಹೊತ್ತಿಗೆ ಎಲ್ಲೋ ದೂರದ ಅರಬ್ಬರು ಮನಸ್ಸು ಬದಲಾಯಿಸಿ ಪೆಟ್ರೋಲಿನ ಬೆಲೆ ಏರಿ ಕೂತಿತು. ಮಾಗಡಿ ರಸ್ತೆಯ ಮೆಕ್ಯಾನಿಕ್ ಮುನಿಯಪ್ಪ, "ಊರೊಳಗೆ ಓಡ್ಸೋಕೆ ಫೋರ್‌ವೀಲ್ ಯಾಕೆ ಸಾರ್? ಮುಂದಿನ ಶಾಫ್ಟ್ ಬಿಚ್ಚಿಬಿಡಾನ, ಪೆಟ್ರೋಲ್ ಉಳೀತದೆ. ಜೀಪಿನೋರೆಲ್ಲ ಬಿಚ್ಚಿಸ್ತಾವ್ರೆ" ಎಂದ. ಪುರುಷೋತ್ತಮ ಬಿಚ್ಚಿಸಿದ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಒಯ್ಯುವ ಆ ಉದ್ದನೆಯ ಕಬ್ಬಿಣವನ್ನು ಗೋಣಿಯಲ್ಲಿ ಸುತ್ತಿ ಮನೆಗೆ ತಂದು, ಪ್ರಭಾ ತರಕಾರಿಗೆ ಹೋಗಿದ್ದಾಗ ಅಟ್ಟದ ಮೇಲಿಟ್ಟ. ಬೆಲೆ ಏರಿದರೆ ನನಗೇನು ಎಂದು ಹಿಂದಿನ ವಾರವಷ್ಟೇ ಬಾಡಿಗೆಯವರ ಮುಂದೆ ಮೀಸೆ ತಿರುವಿದ್ದವನು ಈ ವಾರ ಪೆಟ್ರೋಲ್ ಉಳಿಸಲು ಜೀಪಿನ ಕಾಲು ತೆಗೆಸಿದೆ ಎಂದು ಯಾರಿಗೆ ಹೇಳಬೇಕು? ಮುಚ್ಚಿಡಬೇಕೆಂದೇನೂ ಇರಲಿಲ್ಲ, ಹೇಳಲಿಲ್ಲ, ಅಷ್ಟೇ. ಲಿವರು ಇದ್ದಲ್ಲೇ ಇತ್ತು, ಎಳೆದರೆ ಬರುತ್ತಿತ್ತು, ತಳ್ಳಿದರೆ ಹೋಗುತ್ತಿತ್ತು. ಏನೂ ಆಗುತ್ತಿರಲಿಲ್ಲ ಎನ್ನುವುದು ಕೂತವರಿಗೆ ಗೊತ್ತಾಗುವಂತಿರಲಿಲ್ಲ.

"ರೀ, ಅಮ್ಮನ್ನ ಮುಂದೆ ಕೂರಿಸ್ಲಾ?" ಪ್ರಭಾ ಒಳಗಿನಿಂದ ಕೇಳಿದಳು.

"ಬೇಡ ಕಣೇ, ಹಿಂದೆ ದಿಂಬು ಹಾಕಿದೀನಿ. ಮುಂದೆ ಕೂತ್ರೆ ಸೊಂಟ ಹಿಡ್ಕೊಳುತ್ತೆ" ಎಂದ. ನಿಜವಾದ ಕಾರಣ, ಅತ್ತೆ ಮುಂದೆ ಕೂತರೆ ಲಿವರು ಅವರ ಕಣ್ಣೆದುರಿಗಿರುತ್ತದೆ. ಅನಂತಲಕ್ಷ್ಮಮ್ಮ ಬಿಳಿ ಚುಕ್ಕಿಯ ಬೂದು ಸೀರೆ ಉಟ್ಟು, ಗಂಡನ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಹಿಂದೆಯೇ ಕೂತರು. ಹೊರಡುವ ಆಸೆ ಅವರದೇ. ವರ್ಷದ ಶ್ರಾದ್ಧ ಮುಗಿದ ಮರುದಿನ, ಎಲೆ ಎತ್ತಿ ನೆಲ ಒರೆಸಿದ ಮೇಲೆ, "ಅವರು ಹಾಕಿದ ರಸ್ತೆ ಒಂದ್ಸಲ ನೋಡ್ಬೇಕು ಪುರುಷೋತ್ತಮ್. ಜೀವಮಾನವೆಲ್ಲ ಕೇಳಿದ್ದೇ ಆಯ್ತು" ಎಂದಿದ್ದರು. ಬೇರೇನನ್ನೂ ಎಂದೂ ಕೇಳದ ಹೆಂಗಸು. ಇಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಹೂಂ ಎಂದ.

ಮಾಗಡಿ ರಸ್ತೆ ಹಿಡಿದ ಮೇಲೆ ಅವನ ಗೆಲುವು ತಾನಾಗಿ ಮರಳಿತು. ಗಾಡಿ ಓಡಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು, ಅದರಲ್ಲಿ ಮಾತ್ರ ಬಡಾಯಿ ಇರಲಿಲ್ಲ. ಕಾರ್ತಿಕದ ಬಿಸಿಲು, ರಾಗಿ ಹೊಲಗಳು, ಬದಿಯಲ್ಲಿ ಹುಣಸೆ ಮರಗಳು. ಎಮರ್ಜೆನ್ಸಿಗೆ ಹೆದರಿ ಬಸ್ಸುಗಳೂ ಹೊತ್ತಿಗೆ ಸರಿಯಾಗಿ ಓಡುತ್ತಿದ್ದ ವರ್ಷ ಅದು. ಎದುರಿನಿಂದ ಬಂದ ಒಂದು ಬಸ್ಸಿಗೆ ದಾರಿ ಬಿಡದೆ ಅದರಿಂದಲೇ ದಾರಿ ಬಿಡಿಸಿಕೊಂಡ. ಪ್ರಭಾ ನಕ್ಕಳು. ಅವಳ ನಗು ಕೇಳಿ, ಇದೆಲ್ಲ ಏನು ಮಹಾ, ಹತ್ತಿದಷ್ಟು ಹತ್ತುವುದು, ನಿಂತರೆ ನಿಂತಿತು ಎಂದು ಧೈರ್ಯ ತಂದುಕೊಂಡ. ಮಾವ ಬದುಕಿದ್ದಾಗ ಒಂದು ಆಯುಧಪೂಜೆಗೆ ಅಟ್ಟ ಗುಡಿಸಲು ಹತ್ತಿದ್ದ ಪ್ರಭಾ ಗೋಣಿ ಬಿಚ್ಚಿ ನೋಡಿ, "ಇದೇನ್ರೀ ಇಷ್ಟು ಭಾರ?" ಎಂದು ಕೂಗಿದ್ದಳು. "ಸ್ಪೇರು" ಎಂದಿದ್ದ ಇವನು, ಕೆಳಗಿನಿಂದ, ತಲೆಯೆತ್ತದೆ. ಜೀಪಿನದು ಎಂದ ಮೇಲೆ ಅವಳು ಅದಕ್ಕೂ ಅರಿಶಿನ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಟ್ಟು ಇಳಿದು ಬಂದಳು. ಕೆಳಗೆ ಮಾವ ಜೀಪಿನ ಲಿವರಿಗೆ ತಮ್ಮ ಕೈಯಾರೆ ಕುಂಕುಮ ಇಡುತ್ತಿದ್ದರು. ಅಟ್ಟದ ಮೇಲಿನ ಸೇವಂತಿಗೆ ಬಾಡಿ ಒಣಗಿ ಪುಡಿಯಾಗುವವರೆಗೂ ಅಲ್ಲೇ ಇತ್ತು, ಯಾಕೆಂದರೆ ಅದನ್ನು ತೆಗೆಯಲು ಹತ್ತುವ ಮನಸ್ಸು ಇವನಿಗೆ ಬರಲಿಲ್ಲ.

ಬೆಟ್ಟದ ಬುಡದಲ್ಲಿ ಬಿದಿರಿನ ಅಡ್ಡಗಳನ್ನು ಹಾಕಿದ ಗೇಟು. ಕಾವಲಿನ ಬೈರಯ್ಯ ಬೀಡಿ ಆರಿಸಿ ಎದ್ದು ಬಂದ. ಪುರುಷೋತ್ತಮ ಜೀಪಿನಿಂದಿಳಿದು, ಹೆಂಗಸರಿಗೆ ಕೇಳಿಸಬೇಕೋ ಬೇಡವೋ ಎಂದು ತಿಳಿಯದೆ ಅರ್ಧ ದನಿಯಲ್ಲಿ, "ರಸ್ತೆ ಹೇಗಿದೆಯಪ್ಪಾ? ಕೊಚ್ಕೊಂಡು ಹೋಗಿದೆ ಅಂತ ಕೇಳಿದ್ದೆ" ಎಂದ.

"ಯಾರ್ ಏಳಿದ್ರು ಸಾಮಿ? ವಸಿ ಕಲ್ ಎದ್ದವೆ, ಅಷ್ಟೇಯ. ಬಿದಿರು ಲಾರಿ ವಾರಾ ವಾರಾ ಓಯ್ತದೆ. ಆರಾಮಾಗ್ ಓಗ್ಬನ್ನಿ."

"ನಮ್ಮ ಯಜಮಾನ್ರು ಹಾಕಿದ ರಸ್ತೆ ಕಣಪ್ಪ ಅದು" ಎಂದು ಅನಂತಲಕ್ಷ್ಮಮ್ಮ ಹಿಂದಿನಿಂದ ಕತ್ತು ಚಾಚಿ ಹೇಳಿದರು. ಬೈರಯ್ಯ ಟವೆಲು ಹೆಗಲಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, "ಒಳ್ಳೆ ರಸ್ತೆ ತಾಯಿ" ಎಂದು ಗೇಟು ತೆರೆದ.

ಕಾಡು ಶುರುವಾಯಿತು. ಜಾಲಾರಿ ಮರಗಳು, ದಿಂಡಿಗ, ಮಧ್ಯೆ ಮಧ್ಯೆ ಬಿದಿರಿನ ಮೆಳೆ. ನೆಲಕ್ಕೆ ಬಿದ್ದ ಬಿಸಿಲಿನ ಚೂರುಗಳ ಮೇಲೆ ಜೀಪು ಸದ್ದಿಲ್ಲದೆ, ಅಂದರೆ ಜೀಪಿಗೆ ಸಾಧ್ಯವಾದಷ್ಟು ಸದ್ದಿಲ್ಲದೆ, ಹತ್ತತೊಡಗಿತು. ಪುರುಷೋತ್ತಮ ಸ್ಟಿಯರಿಂಗಿನ ಮೇಲೆ ಬಾಗಿ ಕಣ್ಣು ಕಿರಿದು ಮಾಡಿ ಮುಂದಿನ ತಿರುವು ನೋಡುತ್ತಿದ್ದ. ಈ ತಿರುವಿನಾಚೆ ಕೊರಕಲು ಇದ್ದೇ ಇರುತ್ತದೆ ಎಂದುಕೊಂಡ. ತಿರುವಿನಾಚೆ ಇನ್ನೊಂದು ತಿರುವು, ಅಷ್ಟೇ ಹದವಾದ ಏರು. ರಸ್ತೆ ಬೆಟ್ಟದ ಜೊತೆ ಜಗಳವಾಡುತ್ತಿರಲಿಲ್ಲ. ಬಂಡೆ ಎದುರಾದಲ್ಲಿ ಬಳಸುತ್ತಿತ್ತು, ಹಳ್ಳ ಬಂದಲ್ಲಿ ಒಂದು ಪುಟ್ಟ ಕಲ್ಲುಮೋರಿಯ ಮೇಲೆ ದಾಟುತ್ತಿತ್ತು, ಏರು ಸ್ವಲ್ಪ ಜಾಸ್ತಿಯಾಯಿತು ಎನ್ನುವಷ್ಟರಲ್ಲಿ ಮಟ್ಟಸವಾದ ಒಂದು ತುಂಡು ಬರುತ್ತಿತ್ತು, ಎತ್ತಿಗೆ ಉಸಿರು ತೆಗೆದುಕೊಳ್ಳಲು. ಆ ತುಂಡು ಯಾಕೆ ಅಲ್ಲಿದೆ ಎಂದು ಅವನಿಗೆ ಆಗ ಹೊಳೆಯಿತು. ಮಾವ ಹೇಳಿದ್ದು ಬಡಾಯಿಯಲ್ಲ. ಜಗುಲಿಯ ಮೇಲೆ ಹಾಲಿನವನಿಗೆ, ಅಂಚೆಯವನಿಗೆ, ತನಗೆ, ಆ ಮನುಷ್ಯ ಹೇಳಿದ್ದೆಲ್ಲ ಇದ್ದದ್ದು ಇದ್ದ ಹಾಗೆ. ಎರಡನೇ ಗೇರಿನಲ್ಲಿ ಜೀಪು ಹಾಯಾಗಿ ಹೋಗುತ್ತಿತ್ತು.

"ಫೋರ್‌ವೀಲ್ ಹಾಕಿದೀರಾ?" ಹಿಂದಿನಿಂದ ಅತ್ತೆ.

"ಹಾಕಿದೀನಿ ಅತ್ತೆ, ಹಾಕ್ದೆ ಈ ದಾರೀಲಿ ಬರೋಕಾಗುತ್ತಾ?" ಎಂದು ಅವನ ಬಾಯಿ ಅವನನ್ನು ಕೇಳದೆ ಹೇಳಿತು. ಎಡಗೈ ಹೋಗಿ ಲಿವರನ್ನು ಹಿಂದಕ್ಕೆ ಎಳೆದು ಬಂತು. ಪ್ರಭಾ ಲಿವರನ್ನು ನೋಡಿದಳು, ಆಮೇಲೆ ರಸ್ತೆ ನೋಡಿದಳು. "ದಾರಿ ಚೆನ್ನಾಗೇ ಇದೆಯಲ್ರೀ" ಎಂದಳು. ಬೇರೇನೂ ಇರಲಿಲ್ಲ ಆ ಮಾತಿನಲ್ಲಿ.

ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಕೆಟ್ಟ ಜಾಗ. ಬಿದಿರು ಮೆಳೆಯ ಪಕ್ಕ ಅದು ಕಂಡಿತು ಕೂಡ; ಮಳೆನೀರು ರಸ್ತೆಯ ಎಡ ಅಂಚನ್ನು ಕೊರೆದು ಒಂದು ಸೀಳು ಮಾಡಿತ್ತು. ಬಲಗಡೆ ಲಾರಿ ಹೋದ ದಾರಿ ಗಟ್ಟಿಯಾಗಿ, ಅಗಲವಾಗಿ ಇತ್ತು. ಪುರುಷೋತ್ತಮ ಜೀಪನ್ನು ಎಡಕ್ಕೆ ತಂದ. ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಪೂರ್ತಿ ಗೊತ್ತಿತ್ತು. ಎಡಚಕ್ರಗಳು ಸೀಳಿಗೆ ಇಳಿಯುತ್ತವೆ, ಹಿಂದಿನ ಚಕ್ರ ಮಣ್ಣು ಕೆದರಿ ಸುಮ್ಮನೆ ತಿರುಗುತ್ತದೆ, ಗಾಡಿ ವಾಲಿ ನಿಲ್ಲುತ್ತದೆ, ಪ್ರಭಾ ಬಾಗಿಲ ಪಟ್ಟಿ ಹಿಡಿದು 'ರೀ' ಎನ್ನುತ್ತಾಳೆ, ಆಗ ತಾನು ಬೆವರು ಒರೆಸಿಕೊಳ್ಳುತ್ತ, ನೋಡಿ ಅತ್ತೆ, ಇದಕ್ಕೇ ನಾನು ಮಾವನಿಗೆ ಬೇಡ ಅಂದದ್ದು ಎನ್ನಬಹುದು. ಚಕ್ರಗಳು ಇಳಿದವು. ಜೀಪು ಒಮ್ಮೆ ತೂಗಿತು. ತಳದಲ್ಲಿ ಯಾರೋ ಬಹಳ ಹಿಂದೆ ಜೋಡಿಸಿದ ಕಲ್ಲಿನ ಹಾಸು ಇನ್ನೂ ಕದಲದೆ ಇತ್ತು; ಹಿಂದಿನ ಚಕ್ರ ಅದನ್ನು ಕಚ್ಚಿ ಹಿಡಿಯಿತು, ಜೀಪು ಮೇಲೆದ್ದು ರಸ್ತೆಗೆ ಬಂತು. ಅನಂತಲಕ್ಷ್ಮಮ್ಮ ಚಪ್ಪಾಳೆ ತಟ್ಟಿದರು. "ಎಷ್ಟು ಚೆನ್ನಾಗಿ ಓಡಿಸ್ತೀರಿ" ಎಂದರು.

ಹಿಂದೊಂದು ಭಾನುವಾರ ಮಾವನೂ ಹೀಗೇ ಏನೋ ಹೊಗಳಿದ್ದರು. ಹೇಳದೆ ಕೇಳದೆ ಬೆಳಗ್ಗೆಯೇ ಬಂದು ಗೇಟಿನಲ್ಲಿ ನಿಂತಿದ್ದರು. ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಹೆಗಲಿಗೆ ಈ ಫ್ಲಾಸ್ಕು. "ಇವತ್ತು ಹೋಗಿಬಿಡೋಣಪ್ಪ, ಆಕಾಶ ನೋಡು ಹೇಗಿದೆ." ಅದಕ್ಕೆ ಹಿಂದೆ ಮಳೆ ಎಂದಾಗಿತ್ತು, ಬೇರಿಂಗು ಎಂದಾಗಿತ್ತು, ಕಾರ್ಖಾನೆಯ ತನಿಖೆ ಎಂದಾಗಿತ್ತು, ರಸ್ತೆ ಈಗ ಇರಲಾರದು, ಕೊಚ್ಚಿಹೋಗಿರುತ್ತೆ ಎಂದೂ ಆಗಿತ್ತು. ಆವತ್ತು ಬಾಯಿಗೆ ಬಂದದ್ದು ಬ್ಯಾಟರಿ. "ಬ್ಯಾಟರಿ ಪೂರ್ತಿ ಇಳಿದುಹೋಗಿದೆ ಮಾವ." ಮಾವ ನಗುತ್ತ ಫ್ಲಾಸ್ಕನ್ನು ಕಾಂಪೌಂಡಿನ ಮೇಲಿಟ್ಟು ತೋಳು ಮಡಿಸಿದರು. "ಅಷ್ಟೇ ತಾನೇ? ತಳ್ಳಿದ್ರೆ ಸ್ಟಾರ್ಟ್ ಆಗುತ್ತೆ. ನೀನು ಕೂತ್ಕೋ." ಬಾಡಿಗೆಯವರೂ ಬನಿಯನ್ನಿನಲ್ಲೇ ಓಡಿ ಬಂದರು. ಪುರುಷೋತ್ತಮ ಕೂತುಕೊಂಡ. ಕೀ ತಿರುಗಿಸಲಿಲ್ಲ. ಗೇರು ಹಾಕಿದ, ಕ್ಲಚ್ಚು ಒತ್ತಿದ, ಬಿಟ್ಟ, ಎಲ್ಲವನ್ನೂ ಮಾಡಿದ, ಕೀಯೊಂದನ್ನು ಮಾತ್ರ ತಿರುಗಿಸದೆ ಕೂತ. ಪ್ರತಿ ಸಲ ಕ್ಲಚ್ಚು ಬಿಟ್ಟಾಗ ಜೀಪು ಮುಗ್ಗರಿಸಿ ನಿಲ್ಲುತ್ತಿತ್ತು, ಹಿಂದಿನಿಂದ ಮಾವನ ದನಿ, "ಇನ್ನೊಂದ್ಸಲ, ಇನ್ನೊಂದೇ ಸಲ" ಎನ್ನುತ್ತಿತ್ತು. ಹಿಟ್ಟಿನ ಗಿರಣಿಯ ಮೂಲೆಯವರೆಗೂ ತಳ್ಳಿದರು. ಚಿಕ್ಕ ಕನ್ನಡಿಯಲ್ಲಿ ಮಾವನ ಬೋಳುತಲೆ ಮಾತ್ರ ಕಾಣುತ್ತಿತ್ತು, ಬಗ್ಗಿದ್ದು, ಬೆವರಿದ್ದು. ಆಮೇಲೆ ಜೀಪನ್ನು ಮನೆಯವರೆಗೂ ತಿರುಗಿ ತಳ್ಳಿಕೊಂಡು ಬರಬೇಕಾಯಿತು. ಅದನ್ನೂ ಅವರೇ ತಳ್ಳಿದರು. ಕಾಂಪೌಂಡಿನ ಮೇಲೆ ಕೂತು ಫ್ಲಾಸ್ಕಿನ ಕಾಫಿಯನ್ನು ಎಲ್ಲರಿಗೂ ಹಂಚಿ, "ನೀನೇನ್ ಮಾಡ್ತೀಯಪ್ಪ, ಕ್ಲಚ್ಚು ಸರಿಯಾಗೇ ಬಿಡ್ತಿದ್ದೆ. ಹಾಳು ಬ್ಯಾಟರಿ" ಎಂದು ಅಳಿಯನನ್ನು ಸಮಾಧಾನ ಮಾಡಿದರು. ಮುಂದಿನ ಆಷಾಢದಲ್ಲಿ ಅವರು ನಿದ್ದೆಯಲ್ಲೇ ಹೋದರು.

ಶಾಫ್ಟನ್ನು ತಿರುಗಿ ಹಾಕಿಸುವುದು ಒಂದು ಮಧ್ಯಾಹ್ನದ ಕೆಲಸವಾಗಿತ್ತು. ಆ ಭಾನುವಾರದ ನಂತರ ದಿನವೂ ಹಾಗೆಂದುಕೊಂಡಿದ್ದ. ಹಾಕಿಸಬೇಕಾದರೆ ಅಟ್ಟದಿಂದ ಇಳಿಸಬೇಕು. ಇಳಿಸಿದರೆ ಪ್ರಭಾ ಕೇಳುತ್ತಾಳೆ. ಸ್ಪೇರನ್ನು ಯಾಕೆ ಹಾಕಿಸ್ತೀರಿ, ಮೊದಲಿನದಕ್ಕೆ ಏನಾಯಿತು? ಮಾವ ಹೋದ ಮೇಲಂತೂ ಅದನ್ನು ಇಳಿಸುವುದೆಂದರೆ ಹೆಣದ ಮುಂದೆ ನಿಂತು ತಪ್ಪೊಪ್ಪಿಕೊಂಡ ಹಾಗೆ ಅನಿಸಿ ಬಿಟ್ಟ. ಈಗ ಆ ಶಾಫ್ಟಿಲ್ಲದೆಯೇ ಜೀಪು ಹತ್ತುತ್ತಿತ್ತು. ಆ ವರ್ಷವೂ ಹೀಗೇ ಹತ್ತುತ್ತಿತ್ತು. ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ ಎನ್ನುವುದು ಸುಳ್ಳಿಗಿಂತ ಹೆಚ್ಚು ಅವನನ್ನು ನಾಚಿಸಿತು. ರಸ್ತೆ ಇಷ್ಟು ಸಲೀಸಾಗಿರಬಾರದಿತ್ತು. ಒಂದೊಂದು ತಿರುವೂ ಅವನನ್ನು ಮರ್ಯಾದೆಯಿಂದ ದಾಟಿಸಿ ಮುಂದಿನದಕ್ಕೆ ಒಪ್ಪಿಸುತ್ತಿತ್ತು. ಕೈಗಳು ಮಾತ್ರ ಹದ ತಪ್ಪದೆ ಸ್ಟಿಯರಿಂಗ್ ತಿರುಗಿಸುತ್ತಿದ್ದವು.

ನೆತ್ತಿಯಲ್ಲಿ ಅಗಲವಾದ ಬಂಡೆಯ ಬಯಲು, ಒಂದು ಅತ್ತಿಮರ. ಅತ್ತಿಮರದ ನೆರಳಿನಲ್ಲಿ ಒಂದು ಲ್ಯಾಂಬ್ರೆಟಾ ಸ್ಕೂಟರು ನಿಂತಿತ್ತು. ಪುರುಷೋತ್ತಮ ಅದನ್ನು ನೋಡಿ, ಮೊದಲು ಅದು ಸ್ಕೂಟರೇ ಅಲ್ಲ ಎಂದುಕೊಂಡ. ಸ್ಕೂಟರಿನ ಪಕ್ಕ ಜಮಖಾನ ಹಾಸಿ, ಹಣೆಗೆ ವಿಭೂತಿ ಹಚ್ಚಿದ ಒಬ್ಬ ಮಧ್ಯವಯಸ್ಸಿನವರೂ ಅವರ ಹೆಂಡತಿಯೂ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು.

"ಬರ್ರಿ ಬರ್ರಿ" ಎಂದು ಆತ ಎದ್ದು ನಿಂತರು. "ನಾನು ರೇವಣಸಿದ್ದಯ್ಯ ಅಂತ್ರೀ. ನಮ್ಮದು ಗದಗ, ಈಗ ಮಹಾಲಕ್ಷ್ಮಿ ಲೇಔಟ್‌ನಾಗ ಇರತೀವಿ. ಇಕಿ ನಮ್ಮ ಮನಿಯವರು, ಬಸವರಾಜೇಶ್ವರಿ. ನೀವೂ ಇದ ದಾರೀಲೆ ಬಂದ್ರೇನು?"

"ಇದರಲ್ಲಿ... ಸ್ಕೂಟರಿನಲ್ಲಿ ಹತ್ತಿದ್ರಾ?" ಎಂದಳು ಪ್ರಭಾ.

"ಹೂಂ ರೀ. ಇಬ್ಬರೂ ಕೂತ ಬಂದ್ವಿ. ಇಕಿ ಒಂದ ಕಡೀನೂ ಇಳೀಲಿಲ್ಲ. ಯಾರ ಮಾಡ್ಯಾರೋ ಪುಣ್ಯಾತ್ಮರು, ಭಾಳ ಚಲೋ ರಸ್ತಾ."

"ನಮ್ಮ ಯಜಮಾನ್ರು" ಎಂದರು ಅನಂತಲಕ್ಷ್ಮಮ್ಮ. ಗದಗಿನ ದಂಪತಿಗಳು ಇಬ್ಬರೂ ಒಟ್ಟಿಗೆ ಕೈಮುಗಿದರು, ಅವರಿಗೋ ರಸ್ತೆಗೋ. ಅನಂತಲಕ್ಷ್ಮಮ್ಮ ಹತ್ತಿ ಬಂದ ದಾರಿಯನ್ನು ಬಂಡೆಯ ಅಂಚಿನಿಂದ ನೋಡುತ್ತ ಬಹಳ ಹೊತ್ತು ನಿಂತರು. ಕಾಡಿನ ನಡುವೆ ಅಲ್ಲಲ್ಲಿ ಕೆಂಪಗೆ ಕಾಣುತ್ತಿತ್ತು ಅದು. ಅವರು ಅಳಲಿಲ್ಲ. ಬಸವರಾಜೇಶ್ವರಿ ಕೈಹಿಡಿದು ಜಮಖಾನದ ಮೇಲೆ ಕೂರಿಸಿದಾಗ ಮಾತ್ರ, "ಸ್ಕೂಟರಿಗೇ ಹತ್ತುತ್ತಾ ಇದು? ಹಾಗಂತ ಗೊತ್ತಿದ್ದಿದ್ರೆ ಅವರನ್ನ ಯಾರಾದ್ರೂ ಹಿಂದೆ ಕೂರಿಸ್ಕೊಂಡೇ ಬರಬಹುದಾಗಿತ್ತು" ಎಂದರು. ಯಾರನ್ನೂ ದೂರುವ ಮಾತಲ್ಲ, ಮನೆ ಹೆಂಗಸು ಅಕ್ಕಿ ಬೇಳೆ ಅಂದಾಜು ಮಾಡುವ ಹಾಗೆ ಹೇಳಿದ ಮಾತು. ಪುರುಷೋತ್ತಮ ಜೀಪಿನ ಬಾನೆಟ್ಟು ಎತ್ತಿ, ನೋಡಬೇಕಾದ್ದು ಏನೂ ಇಲ್ಲದಿದ್ದರೂ, ರೇಡಿಯೇಟರಿನ ನೀರು ನೋಡತೊಡಗಿದ.

ರೇವಣಸಿದ್ದಯ್ಯ ಕೈಯಲ್ಲಿ ಅರ್ಧ ರೊಟ್ಟಿ ಹಿಡಿದುಕೊಂಡೇ ಬಂದು ಜೀಪಿನ ಸುತ್ತ ಒಂದು ಸುತ್ತು ಹಾಕಿದರು. ಸ್ನೇಹದ ಮನುಷ್ಯ. "ನಮ್ಮ ಕಾಕಾರ ಹಂತೇಕೂ ಇಂಥಾದ ಜೀಪ್ ಐತ್ರಿ" ಎಂದು ಕುಕ್ಕರಗಾಲಿನಲ್ಲಿ ಕೂತು, ಕತ್ತು ತಿರುಚಿ ಅಡಿಗೆ ನೋಡಿದರು. "ಮುಂದಿನ ಶಾಫ್ಟ್ ಬಿಚ್ಚಿಸೀರಿ! ಶಾಣ್ಯಾತನದ ಕೆಲಸ ಮಾಡೀರಿ ನೋಡ್ರಿ. ನಮ್ಮ ಕಾಕಾನೂ ಪೆಟ್ರೋಲ್ ತುಟ್ಟಿ ಆದಾಗ ಬಿಚ್ಚಿಸಿ ಮೂಲ್ಯಾಗ ಒಗದಾನ. ಅದೇನ್ ಬೇಕಾಗೇದ, ಹಿಂದಿನ ಗಾಲಿ ಗಟ್ಟಿ ಇದ್ರ ಸಾಕು."

ಪ್ರಭಾ ಚಿತ್ರಾನ್ನದ ಡಬ್ಬಿ ತೆಗೆದುಕೊಳ್ಳಲು ಬಂದವಳು ಅಲ್ಲೇ ನಿಂತಿದ್ದಳು. ಬಾನೆಟ್ಟಿನ ಅಂಚಿನ ಮೇಲೆ ಅವಳ ಮುಖ ಅವನಿಗೆ ಕಾಣುತ್ತಿತ್ತು. ಆ ಮುಖ ಮೊದಲು ಏನನ್ನೂ ತೋರಿಸಲಿಲ್ಲ. ಆಮೇಲೆ, ಅಟ್ಟದ ಕತ್ತಲಲ್ಲಿ ಗೋಣಿ ಬಿಚ್ಚಿ ನೋಡುವವಳ ಹಾಗೆ ಕಣ್ಣು ಕಿರಿದಾಯಿತು. ತಾನು ಕುಂಕುಮ ಹಚ್ಚಿದ ಕಬ್ಬಿಣ ಯಾವುದೆಂದು ಅವಳಿಗೆ ತಿಳಿಯಿತು ಎನ್ನುವುದು ಇವನಿಗೆ ತಿಳಿಯಿತು. "ಊಟಕ್ಕೆ ಬನ್ನಿ" ಎಂದಷ್ಟೇ ಹೇಳಿ ಅವಳು ಡಬ್ಬಿ ತೆಗೆದುಕೊಂಡು ಹೋದಳು.

ಊಟ ಚೆನ್ನಾಗಿತ್ತು. ರೊಟ್ಟಿಗೂ ಚಿತ್ರಾನ್ನಕ್ಕೂ ಅದಲುಬದಲಾಯಿತು, ಫ್ಲಾಸ್ಕಿನ ಕಾಫಿ ಐವರಿಗೂ ಸಾಕಾಯಿತು. ಪುರುಷೋತ್ತಮ ಎರಡು ಸಲ ನಗೆಚಟಾಕಿಯನ್ನೂ ಹೇಳಿದ, ಎಲ್ಲರೂ ನಕ್ಕರು, ಪ್ರಭಾ ಕೂಡ ತುಟಿ ಅಲುಗಿಸಿದಳು. ಅವಳು ಬೈದಿದ್ದರೆ ಜಗಳವಾಡಬಹುದಿತ್ತು. ಜಗಳದಲ್ಲಿ ಅವನು ಸೋತದ್ದೇ ಇಲ್ಲ.

ಇಳಿಯುವಾಗ ಜೀಪಿನಲ್ಲಿ ಗಾಳಿ ತುಂಬಿತ್ತು. ಅನಂತಲಕ್ಷ್ಮಮ್ಮ ಹಿಂದೆ ಕೂತು ತಮ್ಮಷ್ಟಕ್ಕೆ ತಾವು ಮಾತಾಡುತ್ತಿದ್ದರು. ಅವರಿಗೆ ಇಷ್ಟು ಹಗುರವಾದ ದಿನ ಬಹಳ ಕಾಲದಿಂದ ಬಂದಿರಲಿಲ್ಲ. "ಆವತ್ತು ಜೀಪು ತಳ್ಳಿ ಬಂದ್ರಲ್ಲ, ರಾತ್ರಿಯೆಲ್ಲ ತೋಳು ನೋವು. ನೀಲಗಿರಿ ಎಣ್ಣೆ ಹಚ್ಚು ಅಂದ್ರು. ಹಚ್ತಾ ಇದ್ರೆ ನಗು. ಆ ಜೀಪಿನ ತೂಕ ನನಗೆ ಗೊತ್ತಾಯ್ತು ಕಣೇ, ನನ್ನ ಮೋರಿಗಳು ತಡೀತಾವೆ, ಧೈರ್ಯವಾಗಿ ಹೋಗಬಹುದು ಅಂದ್ರು."

ಪ್ರಭಾ ಎದುರಿನ ಗಾಜನ್ನು ನೋಡುತ್ತಿದ್ದಳು. ಎಂಜಿನ್ನಿನ ಸದ್ದಿನಲ್ಲಿ ಹಿಂದಿನವರಿಗೆ ಕೇಳಿಸದಷ್ಟು ಮೆಲ್ಲಗೆ, "ಆವತ್ತು ಬ್ಯಾಟರಿ?" ಎಂದಳು.

ಎಷ್ಟೋ ಉತ್ತರಗಳು ಅವನ ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿದ್ದವು, ಯಾವಾಗಲೂ ನಿಲ್ಲುವ ಹಾಗೆ. "ಸರಿಯಾಗೇ ಇತ್ತು" ಎಂದ. "ಕೀ ತಿರುಗಿಸಿರ್ಲಿಲ್ಲ."

ಎತ್ತು ಉಸಿರು ತೆಗೆದುಕೊಳ್ಳುವ ಮಟ್ಟಸ ಜಾಗ ಬಂತು, ಹೋಯಿತು. ಮೋರಿ ದಾಟಿತು. ಅವಳ ಈ ಮೌನ ಮನೆಯವರೆಗೂ ಬರುತ್ತದೆ, ಮನೆಯೊಳಗೂ ಬರುತ್ತದೆ, ಅಟ್ಟ ಗುಡಿಸುವ ಹಬ್ಬಗಳಿಗೆಲ್ಲ ಬರುತ್ತದೆ ಎಂದು ಅವನಿಗೆ ಅನಿಸಿತು.

"ಇಳಿಜಾರು ಜೋರಾಗಿದೆಯಲ್ಲ" ಎಂದರು ಅನಂತಲಕ್ಷ್ಮಮ್ಮ, ಹಿಂದಿನಿಂದ. "ಆ ಚಿಕ್ಕ ಕಡ್ಡಿ ಹಾಕಿದೀರಾ ಪುರುಷೋತ್ತಮ್? ಇಳಿಯೋವಾಗಲೂ ಹಾಕ್ಬೇಕಂತೆ. ಅವರು ಹೇಳ್ತಿದ್ರು."

ಜೀವನದಲ್ಲಿ ಮೊದಲ ಸಲ ಪುರುಷೋತ್ತಮನಿಗೆ ಆ ಸುಳ್ಳು ಹೇಳಲು ಆಗಲಿಲ್ಲ. ನಿಜ ಹೇಳಲೂ ಆಗಲಿಲ್ಲ. ಪ್ರಭಾ ಬಲಗೈ ಚಾಚಿ ಲಿವರನ್ನು ಹಿಡಿದಳು. ಮುಂದಕ್ಕೆ ತಳ್ಳಿದಳು, ಹಿಂದಕ್ಕೆ ಎಳೆದಳು, ಇನ್ನೊಮ್ಮೆ ತಳ್ಳಿ ಎಳೆದಳು. ಜೀಪಿನ ಓಟದಲ್ಲಿ ಏನೂ ಬದಲಾಗಲಿಲ್ಲ. ಅವಳ ಕೈ ಸ್ವಲ್ಪ ಹೊತ್ತು ಅದರ ಮೇಲೇ ಇತ್ತು.

"ಹಾಕಿದೀನಮ್ಮ" ಎಂದಳು.

"ಹಾಂ, ನೋಡು" ಎಂದರು ತಾಯಿ. ದಿಂಬಿಗೆ ಒರಗಿಕೊಂಡರು. "ಈಗ ಎಷ್ಟು ಗಟ್ಟಿಯಾಗಿ ಹೋಗ್ತಾ ಇದೆ. ಗೊತ್ತಾಗುತ್ತೆ."

ಪ್ರಭಾ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡು ತನ್ನ ಕಡೆಯ ಕಾಡಿನತ್ತ ಮುಖ ತಿರುಗಿಸಿದಳು. ಪುರುಷೋತ್ತಮ ಎರಡನೇ ಗೇರಿನಲ್ಲಿ, ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟು, ಎಲ್ಲೂ ಕುಲುಕದ ಹಾಗೆ ಜೀಪನ್ನು ಇಳಿಸತೊಡಗಿದ. ಅವನು ಅಷ್ಟು ಚೆನ್ನಾಗಿ ಎಂದೂ ಓಡಿಸಿರಲಿಲ್ಲ.